ಹ್ಯಾಂಡ್‌ಪೋಸ್ಟಿನ ಸಮುದ್ರ

ಎಷ್ಟು ತಿಕ್ಕಿದರೂ ಸೋಪು ನೊರೆ ಬರುತ್ತಿರಲಿಲ್ಲ. ಅಂಗಳದ ಬೆಂಚಿನ ಮೇಲೆ ಕೂರಿಸಿದ್ದ ಕಾಂತರಾಜುವಿನ ಬೆನ್ನಿಗೆ ಅಂಕಯ್ಯ ಮೂರನೇ ಸಲ ಸೋಪು ಹಚ್ಚಿ, ಹಂಡೆಯಿಂದ ಬಿಸಿನೀರು ಮೊಗೆದು ಹುಯ್ದ. ಒಡೆದ ಮಜ್ಜಿಗೆಯ ಹಾಗೆ ಬಿಳಿ ಗಸಿ ಒಂದಿಷ್ಟು ನಿಂತಿತು, ಅಷ್ಟೆ.

"ಏನ್ಲಾ ದೇವರಾಜು, ಬಟ್ಟೆ ಸೋಪು ತಂದಿದ್ದೀಯೇನ್ಲಾ?"

"ಮೈ ಸೋಪೇ ಕಣಣ್ಣ. ಈಗ ತಾನೆ ಅಂಗ್ಡಿಯಿಂದ ತಂದಿವ್ನಿ" ಎಂದ ದೇವರಾಜು. ಅವನು ಕಾಂತರಾಜುವಿನ ಅಕ್ಕನ ಮಗ. ಸೋದರಮಾವನ ತಲೆ ವಾಲದಂತೆ ಹಿಡಿದುಕೊಂಡು ನಿಂತಿದ್ದ.

ಅಂಕಯ್ಯನ ತುಟಿಗೆ ಒಂದು ಹನಿ ಸಿಡಿಯಿತು. ಅವನು ಕೈಯಲ್ಲಿದ್ದ ಚೊಂಬನ್ನು ಹಾಗೇ ನಿಲ್ಲಿಸಿದ.

"ಉಪ್ಪು ಕಣ್ಲಾ! ಯಾವ ನೀರು ಕಾಯಿಸಿದ್ದು ನೀನು?"

"ನಲ್ಲೀಲಿ ನೀರು ಬತ್ತಿರ್ಲಿಲ್ಲ. ಹಿತ್ಲಲ್ಲಿ ನೀಲಿ ಡ್ರಮ್ಮು ತುಂಬಿತ್ತಲ್ಲ, ಅದ್ನೇ ಹಂಡೆಗೆ ಬಗ್ಗಿಸ್ದೆ."

ಜಗಲಿಯ ಮೇಲೆ ಹೆಂಗಸರ ನಡುವೆ ಕೂತಿದ್ದ ರುಕ್ಮಿಣಮ್ಮ, ನೀಲಿ ಡ್ರಮ್ಮು ಎಂಬ ಮಾತು ಕಿವಿಗೆ ಬಿದ್ದದ್ದೇ ಎದ್ದು ನಿಂತಳು. "ಅಯ್ಯೋ ನಿನ್ ಮನೆ ಕಾಯ್ವಾಗ! ಅದು ತೊಟ್ಟಿ ನೀರು ಕಣೋ! ಇವತ್ತು ಹೂವುಗಳಿಗೆ ಬದಲಾಯಿಸ್ಬೇಕು ಅಂತ ನಿಮ್ ಮಾವ ರಾತ್ರಿ ಉಪ್ಪು ಕಲಸಿಟ್ಟಿದ್ದ ಸಮುದ್ರದ ನೀರು!" ಎಂದವಳಿಗೆ ನಗು ಬಂದುಬಿಟ್ಟಿತು. ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಗುತ್ತಾ ನಗುತ್ತಾ ಅತ್ತಳು. ಸುತ್ತಲಿನ ಹೆಂಗಸರಿಗೆ ಸಮಾಧಾನ ಹೇಳಬೇಕೋ ಗದರಬೇಕೋ ತಿಳಿಯಲಿಲ್ಲ.

"ಗಂಡನ ಹೆಣದ ಮುಂದೆ ನಗ್ತಾಳಲ್ಲಪ್ಪ ಇವಳು" ಎಂದಳು ಕಾಂತರಾಜುವಿನ ಅಕ್ಕ ಚಾಮುಂಡಮ್ಮ. "ಬೇರೆ ನೀರು ತಂದು ಹುಯ್ರೋ."

"ಬ್ಯಾಡಿ, ಬುಡಿ ಅತ್ತಿಗೆ" ಎಂದಳು ರುಕ್ಮಿಣಮ್ಮ, ಕಣ್ಣೊರೆಸಿಕೊಳ್ಳುತ್ತಾ. "ಒಂಬತ್ತು ವರ್ಷ ಕಲಸಿ ಕಲಸಿ ಅವಕ್ಕೇ ಹುಯ್ದವ್ರೆ. ಒಂದಿನ ಅವರ ಮೈಮೇಲೂ ಬೀಳ್ಲಿ."

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಬೋರ್‌ವೆಲ್ ಮೋಟಾರು ಸುಟ್ಟುಹೋದರೆ ಜನ ಹ್ಯಾಂಡ್‌ಪೋಸ್ಟಿನ ಕಾಂತರಾಜುವಿನ ಅಂಗಡಿಗೇ ಹೊತ್ತು ತರುತ್ತಿದ್ದರು. ಮೂವತ್ತೆಂಟು ವರ್ಷ ಅವನು ಸುಟ್ಟ ಮೋಟಾರಿಗೆ ಹೊಸ ಕಾಯಿಲ್ ಕಟ್ಟಿದ. ಪಕ್ಕದ ಪಂಕ್ಚರ್ ಅಂಗಡಿಯ ಅಂಕಯ್ಯ ಅಷ್ಟೂ ವರ್ಷದ ಗೆಳೆಯ. ಕಾಂತರಾಜುವಿಗೆ ಮಕ್ಕಳಾಗಲಿಲ್ಲ. ಸಾಲಗೀಲ ಇರಲಿಲ್ಲ, ಸಕ್ಕರೆ ಕಾಯಿಲೆಯೂ ಇರಲಿಲ್ಲ. ಈ ಬೆಳಗ್ಗೆ ಕಾಫಿ ಕುಡಿದು, ಲೋಟ ಕೆಳಗಿಟ್ಟು, ನಡುಮನೆಯ ಗಾಜಿನ ತೊಟ್ಟಿಯ ಮುಂದೆ ಕೂತವನು ಏಳಲಿಲ್ಲ. ಅರವತ್ತಾರು ವರ್ಷ. ನರಳದೆ ಹೋದ, ಪುಣ್ಯವಂತ ಎಂದರು ಬಂದವರೆಲ್ಲ. ರುಕ್ಮಿಣಮ್ಮನಿಗೂ ಹಾಗೇ ಅನ್ನಿಸಿತ್ತು.

*

ಒಂಬತ್ತು ವರ್ಷದ ಹಿಂದೆ ಅವನು ಮೈಸೂರಿಂದ ನೀರು ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಕಲ್ಲು ತಂದಿದ್ದ. ಮೀನಿನಂಗಡಿಯೊಂದರ ಮೋಟಾರು ಸರಿಮಾಡಿಕೊಟ್ಟದ್ದಕ್ಕೆ ಅಂಗಡಿಯವನು ಖುಷಿಯಿಂದ ಕೊಟ್ಟದ್ದು.

"ಕಲ್ಲು ತರಕ್ಕೆ ಮೈಸೂರಿಗಂಟ ಹೋಗಿದ್ರಾ? ನಮ್ಮ ಹೊಲದಲ್ಲಿ ಇರ್ಲಿಲ್ವಾ?" ಎಂದಿದ್ದಳು ರುಕ್ಮಿಣಮ್ಮ.

"ಕಲ್ಲಲ್ಲ ಕಣೆ, ಹವಳ. ಮೆತ್ತನೆ ಹವಳ. ತಡಿ, ಬೆಳಕು ಬೀಳ್ಲಿ."

ಬೆಳಕು ಬಿದ್ದ ಮೇಲೆ ಕಲ್ಲಿನ ತುಂಬ ಸಣ್ಣ ಸಣ್ಣ ಹಸಿರು ಹೂವುಗಳು, ರಾಗಿ ಪೈರು ಮೊಳೆತಂತೆ ಎದ್ದು ಬಂದವು. ಇಬ್ಬರೂ ಬಾಯಿ ಬಿಟ್ಟುಕೊಂಡು ನೋಡಿದ್ದರು. ಎಂಟನೇ ದಿನಕ್ಕೆ ಎಲ್ಲವೂ ಕರಗಿ ನಾರತೊಡಗಿದವು. ಇನ್ನೊಂದು ಕಲ್ಲು ತಂದ. ಅದೂ ಹೋಯಿತು. ಮೂರನೆಯದನ್ನು ಕೇಳಲು ಹೋದಾಗ ಅಂಗಡಿಯವನು ಅವನ ಕೈ ನೋಡಿ, ಏನು ಕೆಲಸ ಎಂದು ವಿಚಾರಿಸಿ, ಹಣೆ ಚಚ್ಚಿಕೊಂಡನಂತೆ. ಕಾಯಿಲ್ ಕಟ್ಟುವುದೆಂದರೆ ದಿನವಿಡೀ ತಾಮ್ರದ ತಂತಿ. ತಾಮ್ರ ಹವಳಕ್ಕೆ ವಿಷ. ಉಗುರಿನ ಸಂದಿಯ ಧೂಳೂ ಸಾಕು.

"ನನ್ನ ಕೈಯಾರೆ ಕೊಂದ್ನಲ್ಲೇ" ಎಂದು ಅವತ್ತು ಅವನು ಊಟ ಬಿಟ್ಟಿದ್ದ.

ಆಮೇಲೆ ಶುರುವಾಯಿತು ಮಡಿ. ಅಂಗಡಿಯಿಂದ ಬಂದವನೇ ಅಂಗಿ ಕಳಚಿ, ಮೊಣಕೈವರೆಗೆ ಮೂರು ಸಲ ತೊಳೆದು, ಹಳೆಯ ಬ್ರಷ್ಷಿನಲ್ಲಿ ಉಗುರು ಉಜ್ಜಿದ ಮೇಲೆಯೇ ತೊಟ್ಟಿಗೆ ಕೈ.

"ದೇವರ ಮುಟ್ಟಕ್ಕೂ ನೀವು ಇಷ್ಟು ತೊಳ್ಕಂಡಿದ್ದು ನಾ ಕಾಣೆ. ನನ್ನ ಮುಟ್ಟಕ್ಕಂತೂ ಬುಡಿ" ಎಂದು ರುಕ್ಮಿಣಮ್ಮ ಮೂತಿ ತಿರುವುತ್ತಿದ್ದಳು.

"ನೀನು ತಾಮ್ರಕ್ಕೆ ಸಾಯೋ ಪಿಂಡ ಅಲ್ಲ ಕಣೆ."

ಮೂರನೇ ಕಲ್ಲು ಬದುಕಿತು. ಒಂದು ಕಲ್ಲಿನದು ಹತ್ತು ಕಲ್ಲಿಗೆ ಹಬ್ಬಿತು. ತೊಟ್ಟಿಯನ್ನು ಸವತಿ ಎಂದು ಆಡಿಕೊಳ್ಳುತ್ತಲೇ ರುಕ್ಮಿಣಮ್ಮ ಎಲ್ಲ ಕಲಿತಳು. ಭಾನುವಾರ ಎರಡು ಬಕೆಟ್ ಹಳೇ ನೀರು ತೆಗೆದು ಎರಡು ಬಕೆಟ್ ಹೊಸದು ಹಾಕಬೇಕು. ಉಪ್ಪು ಕಲಸಿದ ನೀರು ಒಂದು ರಾತ್ರಿ ಹದವಾಗಬೇಕು. ಎಲ್ಲಕ್ಕಿಂತ ಮುಖ್ಯ, ಪಂಪು ನಿಲ್ಲಬಾರದು. "ಇವಕ್ಕೆ ಕಾಲಿಲ್ಲ ನೋಡು, ಊಟ ಹುಡೀಕ್ಕಂಡು ಹೋಗಕ್ಕಿಲ್ಲ. ನೀರೇ ತಂದು ಬಾಯಿಗಿಡ್ಬೇಕು" ಎನ್ನುತ್ತಿದ್ದ ಕಾಂತರಾಜು. ಕರೆಂಟು ಹೋದರೂ ಓಡಲಿ ಎಂದು ಪಂಪಿಗಾಗಿಯೇ ಒಂದು ಪುಟ್ಟ ಇನ್ವರ್ಟರ್ ಕಟ್ಟಿಕೊಟ್ಟಿದ್ದ.

*

ಮಧ್ಯಾಹ್ನ ಒಂದಕ್ಕೆ ದೇಹ ಎತ್ತಿದರು. ಎಪ್ಪತ್ತಾರರ ಚಾಮುಂಡಮ್ಮ "ನನ್ನ ಕೂಸೇ, ನಾ ಎತ್ತಿ ಆಡ್ಸಿದ ಕೂಸೇ" ಎಂದು ಗೇಟಿನವರೆಗೆ ಓಡಿ, ಬಿಸಿಲಿಗೆ ತಲೆ ಸುತ್ತಿ ಬಿದ್ದಳು. ಒಳಗೆ ಕರೆತಂದು ಕೂರಿಸಿದರು. ಕರೆಂಟು ಇರಲಿಲ್ಲ. ದೇವರಾಜು ಅವಸರದಲ್ಲಿ ಸ್ಟ್ಯಾಂಡ್ ಫ್ಯಾನು ತಂದು, ಇನ್ವರ್ಟರಿನಲ್ಲಿ ಸಿಕ್ಕಿಸಿದ್ದ ವೈರನ್ನು ಕಿತ್ತು ಫ್ಯಾನಿನದನ್ನು ಸಿಕ್ಕಿಸಿ, ಅವ್ವನ ಮುಖಕ್ಕೆ ತಿರುಗಿಸಿಟ್ಟು, ಹೊಲದ ಕಡೆ ಹೊರಟಿದ್ದ ಜನರ ಹಿಂದೆ ಓಡಿದ. ರುಕ್ಮಿಣಮ್ಮ ಆಗ ಗೇಟಿನಲ್ಲಿ ನಿಂತು ಗಂಡ ಹೋದ ದಾರಿಯನ್ನೇ ನೋಡುತ್ತಿದ್ದಳು.

ಗಂಡಸರು ಮಣ್ಣು ಮಾಡಿ ಬರುವಷ್ಟರಲ್ಲಿ ಮನೆ ತೊಳೆಯಬೇಕು. ಮನೆಯಲ್ಲಿ ತುಂಬಿಟ್ಟ ನೀರನ್ನೆಲ್ಲ ಚೆಲ್ಲಬೇಕು. ಗಾಳಿಗೆ ಚೇತರಿಸಿಕೊಂಡ ಚಾಮುಂಡಮ್ಮ ಕೂತಲ್ಲಿಂದಲೇ ಕಾರುಬಾರು ಶುರುಮಾಡಿದಳು. ಅಡಿಗೆಮನೆಯ ಕೊಡ ಆಯಿತು, ಫಿಲ್ಟರ್ ನೀರಿನ ಕ್ಯಾನ್ ಆಯಿತು. ಕೊನೆಗೆ ಅವಳ ಕಣ್ಣು ನಡುಮನೆಯ ಮೂಲೆಗೆ ಬಿತ್ತು.

"ಅದ್ನೂ ಚೆಲ್ಲು ರುಕ್ಮಿಣಿ."

"ಯಾವ್ದ ಅತ್ತಿಗೆ?"

"ಗಾಜಿನ ತೊಟ್ಟೀದು. ಸಾವಿನ ಮನೇಲಿ ನಿಂತ ನೀರು ಮಡೀಕ್ಕೋಬಾರ್ದು ಕಣವ್ವ. ಹೋದೋನ ಜೀವ ಅದ್ರೊಳಗೇ ಸುತ್ತುತಾ ಇರ್ತದೆ."

"ಸುತ್ಲಿ ಬುಡಿ. ಇದ್ದಾಗ್ಲೂ ಅಲ್ಲೇ ಸುತ್ತುತಿದ್ರು."

"ಆಡ್ಕಬ್ಯಾಡ. ಒಡಹುಟ್ಟಿದೋನಿಗೆ ದಾರಿ ಬುಡ್ಬೇಕು ಅಂತ ಹೇಳ್ತಿವ್ನಿ. ಚೆಲ್ಲಿ ಬೇರೆ ನೀರು ಹುಯ್ಯಿ, ಅಷ್ಟೆಯಾ."

"ಬೇರೆ ನೀರು ಎಲ್ಲದೆ ಅತ್ತಿಗೆ? ಬೆಳಿಗ್ಗೆ ನಿಮ್ ತಮ್ಮನ ಮೈಮೇಲೆ ಹುಯ್ದು ಮುಗ್ಸಿದ್ರಲ್ಲ!"

ಅಷ್ಟು ಹೇಳುವಾಗಲೇ ರುಕ್ಮಿಣಮ್ಮನಿಗೆ ಅದರ ಅರ್ಥ ಹೊಳೆಯಿತು. ಇರುವ ನೀರು ಚೆಲ್ಲಿದರೆ ಸಂಜೆಗೆ ಒಂದು ಹೂವೂ ಉಳಿಯುವುದಿಲ್ಲ. ಅವನೂ ಹೋದ, ಇವೂ ಹೋದರೆ ನಾಳೆ ಎದ್ದು ಯಾರನ್ನು ನೋಡಿ ಬಯ್ಯಲಿ ಎನ್ನಿಸಿ ಅವಳಿಗೆ ಭಯವಾಯಿತು. ಗಂಡ ಸತ್ತನೆಂದು ಇಷ್ಟು ಭಯವಾಗಿರಲಿಲ್ಲ. ಚಾಮುಂಡಮ್ಮ ಆಗಲೇ ಬಕೆಟ್ ಹಿಡಿದು ಎದ್ದಿದ್ದಳು. ಅತ್ತಿಗೆಯ ಮಾತಿಗೆ ಈ ಮನೆಯಲ್ಲಿ ಎದುರಾಡಿದವರಿಲ್ಲ.

"ಅತ್ತಿಗೆ, ನಿಂತ ನೀರು ತಾನೆ ಚೆಲ್ಲಬೇಕಾಗಿರೋದು? ಹರಿಯೋ ನೀರಲ್ವಲ್ಲ?"

"ಹರಿಯೋ ನೀರಿಗೆ ಎಲ್ಲೀ ಸೂತಕ? ಕಪಿಲಾ ಹೊಳೆ ಚೆಲ್ಲಕ್ಕಾಯ್ತದಾ?"

"ಅಂಗಾರೆ ಬನ್ನಿ ನೋಡಿ. ಇದು ಹಗಲೂ ರಾತ್ರಿ ಹರಿಯೋ ನೀರು" ಎಂದು ರುಕ್ಮಿಣಮ್ಮ ಗೆದ್ದವಳ ಹಾಗೆ ಅವಳ ಕೈ ಹಿಡಿದು ತೊಟ್ಟಿಯ ಮುಂದೆ ನಿಲ್ಲಿಸಿದಳು.

ನೀರು ಅಲುಗುತ್ತಿರಲಿಲ್ಲ. ಮೇಲೆ ತೆಳ್ಳಗೆ ಕೆನೆ ಕಟ್ಟಿತ್ತು. ಹಸಿರು ಹೂವುಗಳೆಲ್ಲ ಒಳಗೆಳೆದುಕೊಂಡು ಕಲ್ಲುಗಳು ಬೋಳಾಗಿದ್ದವು.

"ಎಲ್ಲಿ ಹರೀತಾ ಅದವ್ವ?" ಎಂದಳು ಚಾಮುಂಡಮ್ಮ, ಕಣ್ಣು ಕಿರಿದು ಮಾಡಿ.

ರುಕ್ಮಿಣಮ್ಮ ಬಗ್ಗಿ ಪಂಪಿನ ವೈರಿನ ಜಾಡು ಹಿಡಿದು ಹೋದಳು. ವೈರಿನ ತುದಿ ನೆಲದ ಮೇಲೆ ಬಿದ್ದಿತ್ತು. ಇನ್ವರ್ಟರಿನಲ್ಲಿ ಅದರ ಜಾಗದಲ್ಲಿ ಫ್ಯಾನಿನ ವೈರಿತ್ತು. ಫ್ಯಾನು ಗಿರಗಿರನೆ ತಿರುಗುತ್ತಿತ್ತು. ಈಗಷ್ಟೇ ತಲೆ ಸುತ್ತಿ ಬಿದ್ದ ಮುದುಕಿಗೆ ಫ್ಯಾನು ಬಿಟ್ಟುಕೊಡಿ ಎಂದು ಹೇಗೆ ಹೇಳುವುದು? ಅವಳು ನೆಲದ ಮೇಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಬೆಳಗ್ಗೆಯಿಂದ ಹಾಗೆ ಅತ್ತಿರಲಿಲ್ಲ.

"ಏನಾಯ್ತೇ? ಬಾಯ್ಬುಟ್ಟು ಹೇಳು."

"ಇದ್ರ ಕರೆಂಟು ಕಿತ್ತು ನಿಮ್ ಫ್ಯಾನಿಗೆ ಕೊಟ್ಟವ್ರೆ ಅತ್ತಿಗೆ. ಎರಡನ್ನೂ ಎಳೆಯೋ ಶಕ್ತಿ ಈ ಇನ್ವರ್ಟರಿಗಿಲ್ಲ. ನೀರು ನಿಂತದೆ. ಇಂಗೇ ಇದ್ರೆ ಸತ್ತೋಯ್ತವೆ."

"ಯಾವು?"

"ಈ ಹೂವುಗಳು."

"ಹೂವು ಸಾಯ್ತವಾ?" ಚಾಮುಂಡಮ್ಮ ಗಾಜಿಗೆ ಮೂಗು ತಾಗಿಸಿದಳು. "ಪ್ಲಾಸ್ಟಿಕ್ ಅಲ್ವೇನೇ ಇವು?"

"ಜೀವ ಕಣತ್ತಿಗೆ! ಒಂದೊಂದು ಹೂವೂ ಒಂದೊಂದು ಬಾಯಿ. ದಿನಾ ಉಣ್ಣುಸ್ತಿದ್ರು ನಿಮ್ ತಮ್ಮ."

"ಅಯ್ಯೋ ನನ್ನ ಶಿವನೇ! ಬಂದಾಗೆಲ್ಲ ನೋಡಿ, ಈ ವಯಸ್ನಲ್ಲಿ ಆಟದ ಸಾಮಾನು ಇಟ್ಕಂಡವ್ನಲ್ಲ ಅಂತ ಬಯ್ಕತಿದ್ದೆ. ಒಂದು ಮಾತು ಹೇಳ್ಬಾರ್ದೇನೇ!"

"ನೀವು ಕೇಳ್ಲೇ ಇಲ್ವಲ್ಲ."

ಚಾಮುಂಡಮ್ಮ ಬಕೆಟ್ ಕೆಳಗಿಟ್ಟಳು. "ಸಾವಾದ ಮನೇಲಿ ಇನ್ನೊಂದು ಜೀವ ಹೋಗ್ಬಾರ್ದು" ಎಂದು ಬಗ್ಗಿ ಫ್ಯಾನಿನ ವೈರನ್ನು ಸರಕ್ಕನೆ ಕಿತ್ತಳು. ರುಕ್ಮಿಣಮ್ಮ ಪಂಪಿನದನ್ನು ಸಿಕ್ಕಿಸಿದಳು. ಗುರ್ರೆಂದು ಶಬ್ದವಾಗಿ ಮೇಲಿನ ಕೆನೆ ಒಡೆಯಿತು.

*

ನಾಲ್ಕೂವರೆಗೆ ಗಂಡಸರು ಬಂದು ಕಾಲು ತೊಳೆದು, ಕಾಂತರಾಜುವನ್ನು ಮಲಗಿಸಿದ್ದ ಕಡೆ ಹಚ್ಚಿಟ್ಟ ದೀಪ ನೋಡಿ ಕೈಮುಗಿದರು. ಕರೆಂಟು ಇನ್ನೂ ಬಂದಿರಲಿಲ್ಲ. ಸೆಕೆಗೆ ಎಲ್ಲರೂ ಟವೆಲಿನಲ್ಲಿ ಗಾಳಿ ಬೀಸಿಕೊಳ್ಳುತ್ತಿದ್ದರು. ದೇವರಾಜು ಚಾರ್ಜರ್ ಹಿಡಿದು ಇನ್ವರ್ಟರ್ ಕಡೆ ಹೋದ.

"ಮುಟ್ಟಿಗಿಟ್ಟೀಯ!"

ಅವನ ಅವ್ವ ತೊಟ್ಟಿಯ ಪಕ್ಕ ಮಣೆ ಹಾಕಿಕೊಂಡು ಕೂತಿದ್ದಳು. ಎಡಗೈ ಪ್ಲಗ್ಗಿನ ಮೇಲೆ ಭದ್ರವಾಗಿತ್ತು. ರವಿಕೆ ಬೆವರಿಗೆ ಬೆನ್ನಿಗಂಟಿತ್ತು.

"ಅವ್ವ, ಫ್ಯಾನ್ಯಾಕೆ ಆರ್ಸಿದ್ದೀಯ? ತಿರುಗಿ ತಲೆ ಸುತ್ತಿ ಬಿದ್ದೀಯ ಕಣವ್ವ."

ಚಾಮುಂಡಮ್ಮ ತಿರುಗಿ ನೋಡಲಿಲ್ಲ. ಕಲ್ಲಿನ ಅಂಚಿನಲ್ಲಿ ಹಸಿರು ಒಂದೊಂದಾಗಿ ಹೊರಬರುತ್ತಿತ್ತು. ಅವಳು ಬಲಗೈ ಬೆರಳನ್ನು ಗಾಜಿನ ಮೇಲೆ ಒಂದರಿಂದ ಇನ್ನೊಂದಕ್ಕೆ ಸರಿಸುತ್ತಿದ್ದಳು.

"ಸುಮ್ಕಿರ್ಲಾ, ಲೆಕ್ಕ ತಪ್ಪೋಯ್ತು" ಎಂದು ಗದರಿ, ಮತ್ತೆ ಮೊದಲಿನಿಂದ ಎಣಿಸತೊಡಗಿದಳು.