ಒಂದು ಉಗ್ರಪ್ಪನಿಗೆ ಮೂವತ್ತು ಚನ್ನಕೇಶವ

ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ನಾನು ಹೆಸರು ಮಾಡಿದ್ದು ಆಡದೇ ಇದ್ದು. ವಿನಯಕ್ಕೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ರಾಜಾಜಿನಗರದಲ್ಲಿ ಆಗಷ್ಟೇ ಶುರುವಾಗಿದ್ದ ಒಂದು ಬೀಗದ ಕಾರ್ಖಾನೆಯ ತಂಡದಲ್ಲಿ ಮೂರು ವರ್ಷ ಇದ್ದೆ. ಆ ಮೂರು ವರ್ಷದಲ್ಲಿ ಅಂಕಣದೊಳಗೆ ಕಾಲಿಟ್ಟದ್ದು ಒಟ್ಟು ನಾಲ್ಕು ನಿಮಿಷ, ಅದೂ ಯಾರಿಗೋ ಕಾಲು ಉಳುಕಿತೆಂದು. ಚೆಂಡು ಒಂದು ಸಲ ನನ್ನ ಕೈಗೆ ಬಂತು. ಗಾಬರಿಯಲ್ಲಿ ಅದನ್ನು ಎದುರು ತಂಡದವನಿಗೇ ಕೊಟ್ಟೆ. ಉಳಿದಂತೆ ನನ್ನ ಕೆಲಸ ಟವೆಲ್ಲು ಹಿಡಿದುಕೊಳ್ಳುವುದು, ನಿಂಬೆಹಣ್ಣಿನ ಹೋಳು ಹಂಚುವುದು, ಆಡುವವರ ಉಂಗುರಗಳನ್ನು ಜೇಬಿನಲ್ಲಿಟ್ಟುಕೊಂಡು ಕಾಯುವುದು. ಹಾಗಾದರೆ ತಂಡಕ್ಕೆ ಸೇರಿಸಿಕೊಂಡದ್ದಾದರೂ ಯಾಕೆ ಎಂದರೆ, ನಾನು ಸ್ಟೂಲಿಲ್ಲದೆ ಬಲ್ಬು ಬದಲಾಯಿಸಿದ್ದನ್ನು ಫೋರ್‌ಮನ್ ನೋಡಿಬಿಟ್ಟಿದ್ದ.

ಆಡುತ್ತಿದ್ದವನು ಚನ್ನಕೇಶವ. ಕೆಂಗೇರಿಯವನು. ಬೆಳಗಿನ ರೈಲಿಗೆ ಬಂದು, ಸಿಟಿ ಸ್ಟೇಷನ್ನಿನಿಂದ ನಡೆದುಕೊಂಡೇ ಕಾರ್ಖಾನೆ ಸೇರುತ್ತಿದ್ದ. ದಿನವೆಲ್ಲ ಬೀಗದ ಕೈಗಳಿಗೆ ಅರ ಹಾಕಿ, ಸಂಜೆ ಮಣ್ಣಿನ ಅಂಕಣದಲ್ಲಿ ಆಡಿ, ಮತ್ತೆ ನಡೆದು ರೈಲು ಹಿಡಿಯುತ್ತಿದ್ದ. ನನಗಿಂತ ಒಂದು ಗೇಣು ಗಿಡ್ಡ. ಆದರೂ ಚೆಂಡು ಅವನ ಕೈ ಬಿಟ್ಟಿತೆಂದರೆ ಅದು ಬೀಳುತ್ತದೋ ಇಲ್ಲವೋ ಎಂದು ನಾವು ಕಂಬದ ಮೇಲಿನ ಬಳೆಯ ಕಡೆ ನೋಡುತ್ತಲೇ ಇರಲಿಲ್ಲ, ಸುಮ್ಮನೆ ಅಂಕಣದ ನಮ್ಮ ಅರ್ಧಕ್ಕೆ ಓಡಿ ಬರುತ್ತಿದ್ದೆವು. ಓಡಿ ಬರುತ್ತಿದ್ದರು ಅನ್ನಬೇಕು. ನಾನು ಕೂತಿರುತ್ತಿದ್ದೆ.

ಅವನೂ ನಾನೂ ಇಬ್ಬರೂ ಟೆಂಪರವರಿ. ಹಾಗೆಂದರೆ ನಾಳೆಯಿಂದ ಬರಬೇಡ ಅಂದರೆ ಬರುವ ಹಾಗಿಲ್ಲ. ಹತ್ತು ತಿಂಗಳಿಗೊಮ್ಮೆ ಹದಿನೈದು ದಿನ ಮನೆಗೆ ಕಳಿಸಿ ಮತ್ತೆ ಹೊಸದಾಗಿ ಸೇರಿಸಿಕೊಳ್ಳುತ್ತಿದ್ದರು, ನಾವೆಲ್ಲಿ ಹಳಬರಾಗಿಬಿಡುತ್ತೇವೋ ಎಂದು. ಐವತ್ತೈದನೇ ಇಸವಿಯಲ್ಲಿ ಒಂದು ಸುದ್ದಿ ಬಂತು. ತಂಡದಲ್ಲಿದ್ದ ಟೆಂಪರವರಿಗಳಲ್ಲಿ ಒಬ್ಬನನ್ನು ಮಾತ್ರ ಪರ್ಮನೆಂಟ್ ಮಾಡುತ್ತಾರೆ, ಉಳಿದವರನ್ನು ಡಿಸೆಂಬರ್ ಕೊನೆಗೆ ಪೂರ್ತಿ ಬಿಡಿಸುತ್ತಾರೆ. ಆ ಒಬ್ಬ ಯಾರೆಂದು ಯಾರೂ ಕೇಳಲಿಲ್ಲ. ಕೇಳುವುದಕ್ಕೆ ಏನಿತ್ತು?

ಅದೇ ವರ್ಷ ಬೈರಯ್ಯನ ಪೆಪ್ಪರಮೆಂಟು ಬಂತು. ಬೈರಯ್ಯನದು ನಮ್ಮ ಕಾರ್ಖಾನೆಯ ಹಿಂದಿನ ಬೀದಿಯಲ್ಲಿ ಶೀಟು ಹೊದಿಸಿದ ಒಂದು ಶೆಡ್ಡು. ಒಂದಾಣೆಗೆ ಒಂದು ಪೊಟ್ಟಣ, ಪೊಟ್ಟಣದೊಳಗೆ ಒಂದು ಚಿತ್ರದ ಕಾರ್ಡು. ಸಿನಿಮಾದವರ ಚಿತ್ರ ಹಾಕೋಣವೆಂದರೆ ದುಡ್ಡು ಕೇಳುತ್ತಾರೆ, ಕ್ರಿಕೆಟ್ಟಿನವರು ಕಾಗದಕ್ಕೆ ಉತ್ತರವನ್ನೇ ಬರೆಯುವುದಿಲ್ಲ. ನಾವು ಹನ್ನೆರಡು ಜನ ಕರೆದ ತಕ್ಷಣ ತಲೆ ಬಾಚಿಕೊಂಡು ಹೋಗಿ ನಿಂತೆವು. ಹನ್ನೆರಡು ಕಾರ್ಡು ಜೋಡಿಸಿ ತಂದವರಿಗೆ ಅಲಾರಂ ಗಡಿಯಾರ ಇನಾಮು ಎಂದು ಬೈರಯ್ಯ ಸಾರಿಬಿಟ್ಟ. ಕಾರ್ಡಿನ ಹಿಂದೆ ಆಟಗಾರನ ಸಾಧನೆ. ಬರೆದವನು ಬೈರಯ್ಯನ ಗುಮಾಸ್ತ, ಅವನು ಜನ್ಮದಲ್ಲಿ ಬ್ಯಾಸ್ಕೆಟ್‌ಬಾಲ್ ನೋಡಿದವನಲ್ಲ. ಚನ್ನಕೇಶವನ ಹಿಂದೆ ‘ಒಂದೇ ಪಂದ್ಯದಲ್ಲಿ ಇಪ್ಪತ್ತೆಂಟು ಪಾಯಿಂಟು’ ಎಂದಿತ್ತು, ಅದು ನಿಜ. ನನ್ನ ವಿಷಯಕ್ಕೆ ಬರುವ ಹೊತ್ತಿಗೆ ಪಾಪ ಅವನಿಗೆ ಏನೂ ಸಿಕ್ಕಿರಲಿಲ್ಲ. ‘ಸಮಯ ಬಂದಾಗ ಆಡುವವರು’ ಎಂದು ಬರೆದಿದ್ದ.

ಗಡಿಯಾರದ ಆಸೆಗೆ ದೊಡ್ಡವರೂ ಪೆಪ್ಪರಮೆಂಟು ಚೀಪತೊಡಗಿದರು. ಕ್ಷೌರದಂಗಡಿ, ಹೋಟೆಲು, ಬಸ್ಸಿನ ಸಾಲು, ಎಲ್ಲಿ ನೋಡಿದರೂ ಗಂಡಸರು ಜೇಬಿನಿಂದ ಕಾರ್ಡು ತೆಗೆದು ನಿನ್ನ ಹತ್ತಿರ ಯಾರಿದ್ದಾರೆ, ನನ್ನ ಹತ್ತಿರ ಇವರಿದ್ದಾರೆ ಎನ್ನುವುದೇ. ಎರಡು ತಿಂಗಳಾಗುವ ಹೊತ್ತಿಗೆ ಒಂದು ವಿಚಿತ್ರ ಗೊತ್ತಾಯಿತು. ಹನ್ನೊಂದು ಜನ ಸಿಗುತ್ತಾರೆ, ಹನ್ನೆರಡನೆಯವನು ಸಿಗುವುದಿಲ್ಲ. ಹನ್ನೆರಡನೆಯವನು ನಾನು, ಉಗ್ರಪ್ಪ. ಚನ್ನಕೇಶವನಂತೂ ಎರಡು ಪೊಟ್ಟಣಕ್ಕೊಮ್ಮೆ ಬರುತ್ತಿದ್ದ. ಜನ ಅವನನ್ನು ಕಂಡರೆ ಥೂ ಇವನೇ ಮತ್ತೆ ಎಂದು ಅಂಗಡಿಯ ಮುಂದೆಯೇ ಎಸೆದು ಹೋಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ. ಒಂದು ಉಗ್ರಪ್ಪನಿಗೆ ಹತ್ತು ಚನ್ನಕೇಶವ ಎಂದು ಶುರುವಾದ ದರ ದಸರೆಯ ಹೊತ್ತಿಗೆ ಮೂವತ್ತಕ್ಕೆ ಏರಿತು. ಬೈರಯ್ಯನೇ ಬೇಕೆಂದು ಮುಚ್ಚಿಟ್ಟಿದ್ದಾನೆ ಎಂದು ಜನ ಬೈದರು. ಬೈರಯ್ಯನಿಗೆ ಏನೂ ಗೊತ್ತಿರಲಿಲ್ಲ, ಆದರೆ ವ್ಯಾಪಾರ ನಡೆಯುತ್ತಿತ್ತು, ಅವನು ಬೈಸಿಕೊಂಡು ಸುಮ್ಮನಿದ್ದ.

ಜನರಿಗೆ ನಾನು ಯಾರೆಂಬ ಕುತೂಹಲ ಹತ್ತಿತು. ಇಷ್ಟು ಅಪರೂಪದವನು ಎಂದ ಮೇಲೆ ಏನೋ ಇರಬೇಕಲ್ಲ. ಪಂದ್ಯಕ್ಕೆ ಬಂದವರು ಚನ್ನಕೇಶವ ಆಡುವುದನ್ನು ಬಿಟ್ಟು ನಾನು ಕೂತಿರುವುದನ್ನು ನೋಡುತ್ತಿದ್ದರು. ಆ ಮನುಷ್ಯನನ್ನು ದೊಡ್ಡ ಪಂದ್ಯಕ್ಕೆಂದು ಉಳಿಸಿಕೊಂಡಿದ್ದಾರೆ ಎಂದು ಒಬ್ಬರಿಗೊಬ್ಬರು ಹೇಳಿಕೊಂಡದ್ದು ನನ್ನ ಕಿವಿಗೇ ಬಿತ್ತು. ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರತೊಡಗಿದೆ. ನಿಂಬೆಹಣ್ಣು ಹಂಚುವುದನ್ನು ಬೇರೆಯವನಿಗೆ ವಹಿಸಿದೆ. ಮರ್ಯಾದೆ ಸಿಕ್ಕಿದ ಮೇಲೆ ಅದಕ್ಕೆ ತಕ್ಕ ಹಾಗೆ ಇರಬೇಕು ತಾನೇ?

ಪರ್ಮನೆಂಟ್ ಯಾರೆಂದು ತೀರ್ಮಾನ ಮಾಡಬೇಕಾದವರು ಹೊಸ ಮ್ಯಾನೇಜರ್ ನಂಜುಂಡಪ್ಪನವರು. ಒಂದು ಪಂದ್ಯವನ್ನೂ ನೋಡಿದವರಲ್ಲ, ಐದು ಗಂಟೆಗೆ ಸರಿಯಾಗಿ ಮನೆಗೆ ಹೋಗುವವರು. ಆದರೆ ಮನೆಯಲ್ಲಿ ಅವರ ಹೆಂಡತಿ ವಿಮಲಮ್ಮ ಹನ್ನೊಂದು ಕಾರ್ಡು ಜೋಡಿಸಿಟ್ಟುಕೊಂಡು ಹನ್ನೆರಡನೆಯದಕ್ಕೆ ತಪಸ್ಸು ಮಾಡುತ್ತಿದ್ದರು. ಬೆಳಗ್ಗೆ ಕಾಫಿಗೂ ನನ್ನ ಹೆಸರು, ರಾತ್ರಿ ಊಟಕ್ಕೂ ನನ್ನ ಹೆಸರು. ಹೀಗೆ ನಂಜುಂಡಪ್ಪನವರಿಗೆ ನಮ್ಮ ತಂಡದಲ್ಲಿ ಚೆನ್ನಾಗಿ ಪರಿಚಯವಿದ್ದ ಆಟಗಾರ ನಾನೊಬ್ಬನೇ.

ಇಷ್ಟರ ನಡುವೆ ನನ್ನ ಹತ್ತಿರವೂ ನನ್ನ ಕಾರ್ಡು ಇರಲಿಲ್ಲ. ಅವ್ವನ ಹತ್ತಿರವೂ ಇಲ್ಲ ಎಂದೇ ನಾನು ತಿಳಿದಿದ್ದೆ. ನನ್ನ ಅವ್ವ ನರಸಮ್ಮ ಕೆಲಸ ಮಾಡುತ್ತಿದ್ದದ್ದು ಆ ಬೈರಯ್ಯನ ಶೆಡ್ಡಿನಲ್ಲೇ. ಹತ್ತು ಹೆಂಗಸರು ಸಾಲಾಗಿ ಕೂತು ಪೆಪ್ಪರಮೆಂಟು ಎಣಿಸಿ ಪೊಟ್ಟಣ ಕಟ್ಟುತ್ತಿದ್ದರು. ಸಕ್ಕರೆ ಅಂಟಿದ ಕೈ ತಗುಲಿದರೆ ಕಾರ್ಡು ಹಾಳಾಗುತ್ತದೆಂದು ಕೊನೆಯಲ್ಲಿ ಒಬ್ಬಳನ್ನು ಒಣಗಿದ ಕೈಯಲ್ಲಿ ಕೂರಿಸಿ, ಅವಳೊಬ್ಬಳೇ ಕಾರ್ಡು ಹಾಕಬೇಕು ಎಂದು ನಿಯಮ ಮಾಡಿದ್ದರು. ಆ ಒಣಗಿದ ಕೈ ಅವ್ವನದು. ಪಕ್ಕದಲ್ಲಿ ಕೂರುತ್ತಿದ್ದ ರಾಮಕ್ಕ ಯಾವಾಗಲೂ ಕೇಳುತ್ತಿದ್ದಳಂತೆ, ನಿನ್ನ ಮಗನದು ಒಂದಾದರೂ ಇಟ್ಟುಕೊಂಡಿದ್ದೀಯಾ ಎಂದು. ನನ್ನ ಹಣೆಯಲ್ಲಿ ಬರೆದಿಲ್ಲ ಕಣೇ, ಒಂದೂ ಸಿಕ್ಕಲಿಲ್ಲ ಎನ್ನುತ್ತಿದ್ದಳಂತೆ ಅವ್ವ. ಇಡೀ ಬೀದಿಗೆ ಅಯ್ಯೋ ಅನ್ನಿಸಿತ್ತು.

ನವೆಂಬರಿನ ಒಂದು ಭಾನುವಾರ ಬೆಲ್ಲ ಹುಡುಕುತ್ತ, ಒಂದರ ಮೇಲೊಂದು ಪೇರಿಸಿದ್ದ ಅಡಕಲಿನ ಗಡಿಗೆಗಳನ್ನು ಒಂದೊಂದಾಗಿ ಇಳಿಸಿದೆ. ಕೆಳಗಿನ ದೊಡ್ಡ ಗಡಿಗೆಯಲ್ಲಿ ನಾನಿದ್ದೆ. ಕಟ್ಟು ಕಟ್ಟಾಗಿ, ನೂಲು ಸುತ್ತಿ, ಮೇಲೆ ಅರಿಶಿನದ ಬಟ್ಟೆ ಮುಚ್ಚಿ. ಬೈರಯ್ಯ ಅಚ್ಚು ಹಾಕಿಸಿದ ಉಗ್ರಪ್ಪರೆಲ್ಲ ಹೆಚ್ಚುಕಡಿಮೆ ಅಲ್ಲೇ ಇದ್ದರು. ಮೊದಲ ದಿನ ಹೋದದ್ದು ಬಿಟ್ಟರೆ, ಅವ್ವ ಮೂರು ದಿನ ಜ್ವರದಲ್ಲಿ ಮಲಗಿದ್ದಾಗ ರಾಮಕ್ಕ ಹಾಕಿದ್ದಷ್ಟೇ ಊರಿಗೆ ಹೋದದ್ದು.

ಅವ್ವನನ್ನು ಕೂರಿಸಿ ಕೇಳಿದೆ. ಅವಳು ಅಳುಕಲೂ ಇಲ್ಲ, ಮರೆಮಾಚಲೂ ಇಲ್ಲ.

“ಮೊದಲ್ನೇ ದಿನ ಕೆಲ್ಸ ಮುಗಿಸ್ಕೊಂಡು ಆಚೆ ಬಂದ್ನಾ, ಅಂಗಡಿ ಮುಂದೆ ಕಾರ್ಡೆಲ್ಲ ಚೆಲ್ಲಾಡ್ತಾ ಇತ್ತು. ಎತ್ತು ತುಳ್ಕೊಂಡು ಹೋಯ್ತು, ಜಟ್ಕಾ ಹತ್ಕೊಂಡು ಹೋಯ್ತು. ಬರೀ ಕಾಗದ ಕಾಲಿಗೆ ತಾಕಿದ್ರೇ ನಾವು ಕಣ್ಣಿಗೆ ಒತ್ಕೋತೀವಿ. ಹೆತ್ತ ಮಗನ ಮುಖ ನನ್ನ ಕೈಯಾರೆ ಬೀದಿಗೆ ಹಾಕ್ಲಾ?”

ಹಾಗಾದರೆ ಅದರ ಬದಲಿಗೆ ಪೊಟ್ಟಣಕ್ಕೆ ಏನು ಹಾಕುತ್ತಿದ್ದೆ ಎಂದು ಕೇಳಿದೆ. ಖಾಲಿ ಹೋದರೆ ಬೈರಯ್ಯ ಬಯ್ಯುವುದಿಲ್ಲವೇ?

“ಖಾಲಿ ಯಾಕೆ ಹಾಕ್ಲಿ. ಆ ಕೆಂಗೇರಿ ಹುಡುಗಂದು ಹಾಕ್ದೆ. ಲಕ್ಷಣವಾಗವ್ನೆ, ಎಲ್ರೂ ಇಷ್ಟಪಡ್ತಾರೆ ಅಂತ. ಅವನ ಕಟ್ಟು ಮುಗಿದ್ರೆ ಗುಮಾಸ್ತನ್ನ ಕೇಳಿ ಇನ್ನೊಂದು ಅಚ್ಚು ಹಾಕಿಸ್ಕೋತಿದ್ದೆ.”

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಆ ಹೆಗ್ಗಣಕ್ಕೆ ತನ್ನ ದರ ಹೇಗೆ ಏರಿತೆಂದು ಅವತ್ತು ತಿಳಿಯಿತು. ಅವನದು ಹೇಗೆ ಇಳಿಯಿತೆಂದೂ ತಿಳಿಯಿತು. ಆ ಗಡಿಗೆಯನ್ನು ತಲೆಯ ಮೇಲಿಟ್ಟುಕೊಂಡು ಹೋಗಿ ಬೈರಯ್ಯನ ಶೆಡ್ಡಿನ ಮುಂದೆ ಸುರಿದಿದ್ದರೆ ಒಂದು ವಾರದಲ್ಲಿ ಎಲ್ಲ ಸರಿಹೋಗುತ್ತಿತ್ತು. ನಾನು ನನ್ನ ಜಾಗಕ್ಕೆ, ಚನ್ನಕೇಶವ ಅವನ ಜಾಗಕ್ಕೆ. ಸುರಿಯಬೇಕೆಂದು ನಿಜವಾಗಿಯೂ ಅಂದುಕೊಂಡೆ. ಆಮೇಲೆ, ಅವ್ವನ ಕೆಲಸ ಹೋಗುತ್ತದಲ್ಲ ಅಂದುಕೊಂಡೆ. ಆಮೇಲೆ, ಚನ್ನಕೇಶವನ ಆಟ ಎಲ್ಲರಿಗೂ ಗೊತ್ತೇ ಇದೆ, ಕಾರ್ಡಿನಿಂದ ಏನಾಗುತ್ತದೆ ಅಂದುಕೊಂಡೆ. ಸೋಮಾರಿ ಮನಸ್ಸಿಗೆ ನೆಪ ಹುಡುಕುವುದರಲ್ಲಿ ಮಾತ್ರ ಸೋಮಾರಿತನ ಇಲ್ಲ. ಗಡಿಗೆಗಳನ್ನು ಇದ್ದ ಹಾಗೆ ಮತ್ತೆ ಅಡಕಿಟ್ಟೆ.

ಡಿಸೆಂಬರಿನಲ್ಲಿ ನಂಜುಂಡಪ್ಪನವರು ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆಸಿದರು. ಚನ್ನಕೇಶವ ಒಳಗೆ ಹೋದವನು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ಹೊರಗೆ ಬಂದ. ಏನು ಕೇಳಿದರು ಎಂದರೆ, ಊರು ಯಾವುದು ಎಂದು ಕೇಳಿದರು ಎಂದ. ನನ್ನನ್ನು ಕುರ್ಚಿಯಲ್ಲಿ ಕೂರಿಸಿದರು. ಕಾಫಿ ತರಿಸಿದರು. ಎಷ್ಟು ಪಾಯಿಂಟು ಹೊಡೆದಿದ್ದೀಯೆಂದು ಕೇಳಲಿಲ್ಲ, ಯಾವ ಜಾಗದಲ್ಲಿ ಆಡುತ್ತೀಯೆಂದೂ ಕೇಳಲಿಲ್ಲ. ಕನ್ನಡಕ ತೆಗೆದು ಒರೆಸುತ್ತ ಒಂದೇ ಮಾತು ಕೇಳಿದರು.

“ಅಲ್ಲಪ್ಪ, ನಿನ್ನ ಕಾರ್ಡು ಯಾಕೆ ಎಲ್ಲೂ ಸಿಕ್ಕೋದಿಲ್ಲ?”

“ಗೊತ್ತಿಲ್ಲ ಸಾರ್” ಅಂದೆ.

ಎರಡೇ ಪದ. ನನ್ನ ಇಪ್ಪತ್ತೊಂಬತ್ತು ವರ್ಷದ ಸರ್ವೀಸು, ಕ್ವಾರ್ಟರ್ಸು, ಪ್ರಾವಿಡೆಂಟ್ ಫಂಡು ಎಲ್ಲ ನಿಂತಿರುವುದು ಆ ಎರಡು ಪದದ ಮೇಲೆ. ವಾರದಲ್ಲಿ ನೋಟೀಸು ಬೋರ್ಡಿಗೆ ಪಟ್ಟಿ ಹಾಕಿದರು. ಪಟ್ಟಿ ಎಂದರೆ ಒಂದೇ ಹೆಸರು. ಮುಂದಿನ ಭಾನುವಾರದ ಪಂದ್ಯದಿಂದ ಆ ಹೆಸರಿನವನು ಮೊದಲಿನಿಂದ ಕೊನೆಯವರೆಗೆ ಆಡತಕ್ಕದ್ದು ಎಂದೂ ಕೆಳಗೆ ಬರೆದಿದ್ದರು.

ಕೆಲಸ ಬಿಟ್ಟ ಮಾರನೆಯ ದಿನ ಬೆಳಗ್ಗೆ ಚನ್ನಕೇಶವ ನಮ್ಮ ಮನೆಗೆ ಬಂದ. ಲೆಕ್ಕ ಚುಕ್ತಾ ಮಾಡಿಸಿಕೊಂಡು ಹೋಗಲು ಬಂದವನು ಹಾಗೆಯೇ ಇತ್ತ ತಿರುಗಿದ್ದ. ಇನ್ನು ಆಡುವುದಿಲ್ಲವಂತೆ. ಕೆಂಗೇರಿಯಲ್ಲಿ ಅವನಿಗಾಗಿ ಯಾರು ಕಂಬ ನೆಟ್ಟು ಬಳೆ ಕಟ್ಟಿಸುತ್ತಾರೆ? ಸೋದರಮಾವ ಕೆಂಚಪ್ಪನ ಇಟ್ಟಿಗೆ ಗೂಡಿನಲ್ಲಿ ಕೆಲಸ ನೋಡಿದ್ದ. ಚನ್ನಕೇಶವ ರೇಗುತ್ತಾನೆ, ಒಂದೆರಡು ಚುಚ್ಚುಮಾತು ಆಡುತ್ತಾನೆ ಎಂದು ನಾನು ಮೈಯೆಲ್ಲ ಬಿಗಿಹಿಡಿದು ಕಾದಿದ್ದೆ. ಅವನು ನನ್ನ ಕಡೆ ತಿರುಗಲೇ ಇಲ್ಲ. ಜೇಬಿನಿಂದ ಮಡಿಸಿದ ಕಾಗದ ತೆಗೆದು ಬಿಚ್ಚಿ, ಅದರೊಳಗಿದ್ದ ಒಂದು ಕಾರ್ಡನ್ನು ಎರಡೂ ಕೈಯಲ್ಲಿ ಅವ್ವನ ಮುಂದೆ ಹಿಡಿದ.

“ನಿಮ್ಮತ್ರ ಒಂದೂ ಇಲ್ಲ ಅಂತ ರಾಮಕ್ಕ ಹೇಳ್ತಿದ್ರು ಅಮ್ಮ. ಊರೋರ್ಗೆಲ್ಲ ಹಂಚೋರು ನೀವು, ಮಗಂದೇ ಇಲ್ಲ ಅಂದ್ರೆ ಹೆಂಗೆ. ಕ್ಷೌರದಂಗ್ಡಿ ಮುನಿಯಣ್ಣನ ಹತ್ರ ಒಂದಿತ್ತು, ತಗೊಂಡ್ಬಂದೆ.”

ದರ ನನಗೆ ಗೊತ್ತಿತ್ತು. ಅಂಗಡಿ ಅಂಗಡಿ ಮುಂದೆ ಬಗ್ಗಿ, ಕಸದಲ್ಲಿ ಬಿದ್ದಿದ್ದ ತನ್ನದೇ ಮುಖವನ್ನು ಒಂದೊಂದಾಗಿ ಆರಿಸಿ, ಮಣ್ಣು ಒರೆಸಿ, ಮೂವತ್ತು ಮಾಡಿಕೊಂಡು ಅವನು ಆ ಒಂದನ್ನು ತಂದಿದ್ದ. ಅವ್ವ ಅದನ್ನು ಸೆರಗಿನಲ್ಲಿ ಈಸಿಕೊಂಡು ಕಣ್ಣಿಗೆ ಒತ್ತಿಕೊಂಡಳು. ಅಡಕಲಿನ ಕಡೆ ತಪ್ಪಿಯೂ ನೋಡಲಿಲ್ಲ.

“ಇದೊಂದು ನಮ್ಮನೇಲಿ ಇರ್ಲಿಲ್ಲ ಕಣಪ್ಪ” ಅಂದಳು.

ಬಾಯಿ ಬಿಡಬೇಕಾದ ಹೊತ್ತು ಅದೇ. ಗಡಿಗೆ ಐದು ಹೆಜ್ಜೆ ದೂರದಲ್ಲಿತ್ತು. ನಾನು ಅವ್ವ ಕೊಟ್ಟ ಕಾಫಿಯನ್ನು ಕೊನೆಯ ಗುಟುಕಿನವರೆಗೂ ಕುಡಿದೆ.

ಅವನು ಹೊರಟವನು ಅಂಗಳದಲ್ಲಿ ನಿಂತ. ಭಾನುವಾರ ಪೂರ್ತಿ ಆಡಬೇಕಂತಲ್ಲ, ಚೆಂಡು ಹಿಡಿಯೋದು ಹೆಂಗೆ ಅಂತಾದರೂ ಗೊತ್ತಾ ಎಂದು ಕೇಳಿದ. ಅವನು ಹಿತ್ತಲಿನಿಂದ ಒಂದು ಬೂದುಗುಂಬಳಕಾಯಿ ತಂದು ನನ್ನ ಕೈಗೆ ಕೊಟ್ಟು, ನನ್ನ ಮೊಣಕೈ ಹಿಡಿದು ಮೈಯ ಕಡೆ ಒಳಕ್ಕೆ ತಂದ. ಮಂಡಿ ಬಗ್ಗಿಸು ಎಂದ. ಕಣ್ಣು ಚೆಂಡಿನ ಮೇಲಲ್ಲ, ಬಳೆಯ ಮೇಲಿರಲಿ ಎಂದ. ಅರ್ಧ ಗಂಟೆ ನನ್ನ ಹಿಂದೆ ನಿಂತು, ಬೇಜಾರಿಲ್ಲದೆ, ಮತ್ತೆ ಮತ್ತೆ ಎತ್ತಿಸಿದ.

“ಚೆನ್ನಾಗಿ ಕಲ್ತ್ಕೊಳೋ. ಆಡಕ್ ಬರಲ್ಲ ಅಂತ ಗೊತ್ತಾದ್ರೆ ನಿನ್ನೂ ತೆಗೆದ್‌ಬಿಡ್ತಾರೆ” ಎಂದು ಹೇಳಿ, ರೈಲಿಗೆ ಹೊತ್ತಾಯಿತೆಂದು ಹೋದ.

ಆ ಭಾನುವಾರ ನಾನು ಎರಡು ಸಲ ಬಳೆಯೊಳಗೆ ಚೆಂಡು ಹಾಕಿದೆ. ನನ್ನ ಜೀವಮಾನದಲ್ಲಿ ಹಾಕಿದ್ದು ಅವೆರಡೇ. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು, ನಂಜುಂಡಪ್ಪನವರೂ ಅವತ್ತು ಐದು ಗಂಟೆಯ ನಂತರವೂ ಕೂತಿದ್ದರು. ಎರಡು ಸಲವೂ ನನ್ನ ಮೊಣಕೈಯನ್ನು ಯಾರೋ ಹಿಂದಿನಿಂದ ಹಿಡಿದು ಒಳಕ್ಕೆ ತಂದ ಹಾಗಾಯಿತು.