ಬಗ್ಗದ ಗೋಣು

ಅಂಗಿಯ ಎಡತೋಳು ಒಳಗೆ ಹೋಗಲಿಲ್ಲ. ನಿಜಗುಣ ಕನ್ನಡಿಯ ಮುಂದೆ ಅರ್ಧ ಅಂಗಿಯಲ್ಲಿ ನಿಂತು, ಹೆಂಡತಿಯನ್ನು ಕೂಗಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ. ಕೂಗಿದರೆ ರಾಜೇಶ್ವರಿ ಬರುತ್ತಾಳೆ, ತೋಳು ಎಳೆಯುತ್ತಾಳೆ, ಒಂದು ಉಸಿರು ಬಿಡುತ್ತಾಳೆ. ಆ ಉಸಿರು ಅವನಿಗೆ ಬೇಡವಾಗಿತ್ತು.

ಕೂಗದೆಯೂ ಬಂದಳು. ಶಿಫ್ಟಿಗೆ ಹೊರಟಿದ್ದಳು.

"ಇವತ್ತೂ ನೋಯಾಕತ್ತೇತೇನ್ರಿ?"

"ಸ್ವಲ್ಪ."

"ರಿಪೋರ್ಟೆಲ್ಲಾ ನಾರ್ಮಲ್ ಅದಾವಲ್ರೀ."

"ಅದಾವ."

"ಅಷ್ಟು ನೋವಿದ್ರ ದಾನಪ್ಪನವರ ಮನಿಗೆ ಹೋಗಬ್ಯಾಡ್ರಿ. ಫೋನ್ ಮಾಡಿದ್ರಾತು."

"ದಾನಪ್ಪನ ಅವ್ವ ನಾಳೆ ಊರಿಗೆ ಹೊಂಟಾಳ."

ರಾಜೇಶ್ವರಿ ತೋಳು ಎಳೆದು, ಗುಂಡಿ ಹಾಕಿ, ಉಸಿರು ಬಿಟ್ಟು ಹೋದಳು. ಕೆಟ್ಟವಳಲ್ಲ. ಎರಡು ವರ್ಷ ಒಂದೇ ಕುತ್ತಿಗೆಯ ಸುದ್ದಿ ಕೇಳಿದರೆ ಯಾರಿಗಾದರೂ ಸಾಕಾಗುತ್ತದೆ. ಅವನಿಗೇ ಸಾಕಾಗಿತ್ತು.

ಎರಡು ವರ್ಷದ ಹಿಂದೆ, ಕೆನಡಾದ ವಿಟ್ಬಿಯ ಈ ಮನೆಯ ಹಿತ್ತಲಿನಲ್ಲಿ ಎತ್ತರಕ್ಕೆ ಬೆಳೆದ ಹುಲ್ಲನ್ನು ಕತ್ತರಿಸಿದ ಮರುವಾರ, ಅವನ ತೊಡೆಯ ಮೇಲೆ ಬಳೆಯಷ್ಟು ಅಗಲದ ಕೆಂಪು ಗುರುತು ಎದ್ದಿತ್ತು. ಗಜಕರ್ಣ ಎಂದು ಗಂಡಹೆಂಡತಿ ಇಬ್ಬರೂ ಒಪ್ಪಿದರು. ಹುಬ್ಬಳ್ಳಿಯಿಂದ ತಂದ ಮುಲಾಮು ಮನೆಯಲ್ಲೇ ಇತ್ತು. ಮೂರು ವಾರ ಶ್ರದ್ಧೆಯಿಂದ ಹಚ್ಚಿದ. ಕಲೆ ಹೋಯಿತು. ಮುಲಾಮಿನ ಗುಣವನ್ನು ಇಬ್ಬರೂ ನಾಲ್ಕು ಜನರಿಗೆ ಹೊಗಳಿದರು ಕೂಡ. ಅದು ಉಣ್ಣಿ ಕಚ್ಚಿದ್ದು, ಕಾಯಿಲೆಯ ಹೆಸರು ಲೈಮ್ ಎಂದು ತಿಳಿಯುವ ಹೊತ್ತಿಗೆ ಹಿಮ ಬಿದ್ದು, ಅವನ ಕುತ್ತಿಗೆಯಿಂದ ಭುಜದವರೆಗಿನ ಮಾಂಸವೆಲ್ಲ ಬಿಗಿದುಕೊಂಡಿತ್ತು. ಮಾತ್ರೆ ನುಂಗಿದ. ರೋಗ ಹೋಗಿದೆ ಎಂದರು ಡಾಕ್ಟರು. ಆ ಸುದ್ದಿ ನೋವಿಗೆ ಮಾತ್ರ ತಲುಪಲಿಲ್ಲ.

ಮಿಸಿಸಾಗದ ಒಂದು ವಿಮಾ ಕಂಪನಿಯಲ್ಲಿ ಅವನ ಕೆಲಸ. ಬೇರೆಯವರ ನೋವಿನ ಅರ್ಜಿಗಳನ್ನು ಓದುವುದು. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ 'ಆಧಾರ ಸಾಲದು' ಎಂದು ಬರೆಯುವುದು. ನಿನ್ನೆ ಮೂರು ಅರ್ಜಿಗಳಿಗೆ ಹಾಗೆ ಬರೆದಿದ್ದ. ಭುಜ ನೋಯುತ್ತಿದ್ದುದರಿಂದ ನಾಲ್ಕನೆಯದನ್ನು ಸೋಮವಾರಕ್ಕೆ ಇಟ್ಟಿದ್ದ.

ವಾನ್ ಎಂಬ ಊರಿನಲ್ಲಿರುವ ದಾನಪ್ಪ ಧಾರವಾಡದ ಕಾಲೇಜಿನ ಗೆಳೆಯ. ಅವನ ತಾಯಿ ಗುರುಬಸವ್ವ ನಾಲ್ಕು ವರ್ಷ ಇವನಿಗೂ ರೊಟ್ಟಿ ಬಡಿದು ಹಾಕಿದವಳು. ಆಗೊಮ್ಮೆ ಪರೀಕ್ಷೆಯ ದಿನ ಇವನಿಗೆ ಹೊಟ್ಟೆನೋವು ಬಂದಾಗ ಎಲ್ಲರೂ ನಾಟಕ ಎಂದಿದ್ದರು. ಅವಳೊಬ್ಬಳೇ ನಂಬಿದ್ದಳು. ಆರು ತಿಂಗಳಿಂದ ಇಲ್ಲೇ ಮಗನ ಮನೆಯಲ್ಲಿದ್ದಳು. ಇವನು ಹೋಗಿರಲಿಲ್ಲ. ಈಗ ಎಂಬತ್ಮೂರು ಅವಳಿಗೆ, ಮತ್ತೆ ಬರುವ ಮಾತಿಲ್ಲ. ಇವತ್ತು ಅವಳ ಹತ್ತಿರ ಕುಳಿತು ಹೇಳಿಕೊಳ್ಳಬೇಕು. ಗುಣವಾಗುವುದು ಬೇಡ, ಒಬ್ಬರು ನಂಬಿದರೆ ಸಾಕಿತ್ತು.

ದಾನಪ್ಪನ ಮನೆಯ ಹಾಲ್‌ನಲ್ಲಿ ಮೂವತ್ತು ಜನರಿದ್ದರು.

"ಬಾರಪಾ ಸಾಹೇಬಾ, ದಾರಿ ಮರತಿದ್ದೇನು?" ದಾನಪ್ಪ ಭುಜದ ಮೇಲೆ ಹೊಡೆದ. ಎಡಭುಜ. ನಿಜಗುಣ ನಕ್ಕ.

ಗುರುಬಸವ್ವ ಸೋಫಾದಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ಕಣ್ಣು ಮಂಜಾಗಿತ್ತು. ಬಂದವರು ಒಬ್ಬೊಬ್ಬರಾಗಿ ಬಗ್ಗಿ ಕಾಲು ಮುಟ್ಟುತ್ತಿದ್ದರು, ಅವಳು ತಲೆ ಸವರಿ ಹರಸುತ್ತಿದ್ದಳು. ಮೊಮ್ಮಗಳು ಸಾನ್ವಿ ಫೋನಿನಲ್ಲಿ ಎಲ್ಲವನ್ನೂ ವಿಡಿಯೋ ಮಾಡುತ್ತಿದ್ದಳು. ಇವನ ಸರದಿ ಬಂತು. ನೆಟ್ಟಗೆ ನಿಂತ.

"ನಿಜ್ಯಾ ಏನೋ?" ಅವಳು ಗುರುತು ಹಿಡಿದಳು. "ಯಾಕ ಹಂಗ ನಿಂತಿ?"

"ಅವ್ವಾ, ಗೋಣು ಬಗ್ಗೂದಿಲ್ಲ."

ಅವನು ಹೇಳಿದ್ದು ಕುತ್ತಿಗೆಯ ಸ್ಥಿತಿ. ಅಲ್ಲಿದ್ದವರಿಗೆ ಕೇಳಿಸಿದ್ದು ಸೊಕ್ಕು.

"ಕೆನಡಾದಾಗ ಹತ್ತು ವರ್ಷ ಇದ್ರ ಯಾರ ಗೋಣೂ ಬಗ್ಗೂದಿಲ್ಲ ಬಿಡ್ರಿ," ಎಂದರು ಹಿಂದೆ ಯಾರೋ.

"ಹಂಗಲ್ಲ. ಉಣ್ಣಿ ಕಡದೈತಿ, ಅದರಿಂದ—"

"ಉಣ್ಣಿ?" ದಾನಪ್ಪನಿಗೆ ನಗು ತಡೆಯಲಿಲ್ಲ. "ಲೇ, ಅದು ಎಮ್ಮಿಗೆ ಕಡೀತೈತಿ. ನಿನಗ್ಯಾಕ ಕಡೀತು?"

ಎಲ್ಲರೂ ನಕ್ಕರು. ನಿಜಗುಣನೂ ಸೇರಿ ನಕ್ಕ. ಹೇಳಬೇಕೆಂದು ನಲವತ್ತು ನಿಮಿಷ ಹೆದ್ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನು ಹುಡುಕಿದ. ಸಿಕ್ಕಿದವೆಲ್ಲ ಅರ್ಜಿಗಳಲ್ಲಿ ಓದಿ ಅವನೇ ತಳ್ಳಿಹಾಕಿದ ಮಾತುಗಳು.

ಕೊನೆಗೆ ಮೊಣಕಾಲೂರಿ ಕುಳಿತ, ಬೆನ್ನು ಕುತ್ತಿಗೆ ನೆಟ್ಟಗಿಟ್ಟುಕೊಂಡೇ. ಅವನ ಮುಖ ಅವಳ ಮುಖಕ್ಕೆ ಹತ್ತಿರವಾಯಿತು. ಈಗ ಹೇಳಬಹುದು ಅನ್ನಿಸಿತು. ಬಾಯಿ ತೆರೆದ.

ಅವನು ಬಗ್ಗಿದನೆಂದೇ ಅವಳು ತಿಳಿದಳು. ಕೈ ಚಾಚಿ ತಲೆ ಹುಡುಕಿದಳು. ಸಿಕ್ಕ ತಲೆಯನ್ನು, ಎಲ್ಲರಿಗೂ ಮಾಡಿದಂತೆ, ಪ್ರೀತಿಯಿಂದ ಕೆಳಕ್ಕೆ ಒತ್ತಿದಳು.

ಅವನು ಚೀರಿದ. ಅವನಿಗೆ ಗೊತ್ತಾಗುವ ಮೊದಲೇ ಅವನ ಕೈ ಅವಳ ಕೈಯನ್ನು ತಳ್ಳಿಬಿಟ್ಟಿತ್ತು.

ಯಾರೂ ನಗಲಿಲ್ಲ. ಸಾನ್ವಿ, "ಓ ಮೈ ಗಾಡ್," ಎಂದು ಫೋನು ಇಳಿಸಿದಳು. ಗುರುಬಸವ್ವ ತನ್ನ ಕೈಯನ್ನು ಮಡಿಲಿಗೆ ತಂದುಕೊಂಡು, ಇನ್ನೊಂದು ಕೈಯಿಂದ ಮುಚ್ಚಿದಳು.

"ಇರಲಿ ಬಿಡ್ರಿ," ಎಂದಳು. "ನಾ ಮುಟ್ಟಬಾರದಿತ್ತು ನಿಮ್ಮನ್ನ."

ಅವಳು ಅವನಿಗೆ ಬಹುವಚನ ಹಚ್ಚಿದ್ದು ಅದೇ ಮೊದಲು.

"ಹಂಗಲ್ಲ ಅವ್ವಾ—"

"ಊಟಕ್ಕ ಏಳ್ರಿ ಎಲ್ಲಾರೂ," ದಾನಪ್ಪ ಜೋರಾಗಿ ಕೂಗಿದ. ಜನ ಬಿಡುಗಡೆ ಸಿಕ್ಕವರಂತೆ ಎದ್ದರು. ಎಣ್ಣೆಗಾಯಿಯ ವಾಸನೆ ಬಂತು. ನಿಜಗುಣನನ್ನು ಊಟಕ್ಕೆ ಯಾರೂ ಕರೆಯಲಿಲ್ಲ, ಬೇಡವೆಂದೂ ಹೇಳಲಿಲ್ಲ. ಬಾಗಿಲಿನಲ್ಲಿ ಬೂಟಿನ ಲೇಸು ಕಟ್ಟಲಾಗದೆ ಹಾಗೆಯೇ ಎಳೆದುಕೊಂಡು ಹೊರಗೆ ಬಂದ.

ಕಾರು ಪಕ್ಕದ ಮನೆಯ ಮುಂದೆ ರಸ್ತೆಬದಿಯಲ್ಲಿತ್ತು. ಒಳಗೆ ಕುಳಿತ. ಅಳು ಬಂತು. ಅಳುವುದಕ್ಕೂ ಭುಜ ಅಲುಗಬೇಕು, ಆದ್ದರಿಂದ ಬಿಟ್ಟ. ಬಹಳ ಹೊತ್ತಿನ ಮೇಲೆ ಕಾರು ಶುರು ಮಾಡಿದ. ಯಾರೋ ಮುಂದೆ ವ್ಯಾನನ್ನು ತೀರ ಹತ್ತಿರಕ್ಕೆ ನಿಲ್ಲಿಸಿದ್ದರು, ಒಂದಿಷ್ಟು ಹಿಂದೆ ಹೋಗದೆ ದಾರಿಯಿರಲಿಲ್ಲ. ರಿವರ್ಸ್ ಹಾಕಿದ. ಎದುರಿನ ಪುಟ್ಟ ಪರದೆ ಬೆಳಗಿ, ಕಾರಿನ ಹಿಂಬದಿ ಕಾಣಿಸಿತು.

ಪರದೆಯಲ್ಲಿ ಗುರುಬಸವ್ವ ನಿಂತಿದ್ದಳು. ಒಬ್ಬಳೇ, ಬರಿಗಾಲಲ್ಲಿ. ಒಂದು ಕೈ ಮೇಲೆತ್ತಿದ್ದಳು, ತುಟಿ ಆಡುತ್ತಿತ್ತು. ಕರೆಯುತ್ತಿದ್ದಳೋ, ಹೋಗು ಎನ್ನುತ್ತಿದ್ದಳೋ, ಮುಚ್ಚಿದ ಗಾಜಿನೊಳಗೆ ಏನೂ ಕೇಳುತ್ತಿರಲಿಲ್ಲ. ತಿರುಗಿ ನೋಡಲು ಹೋದ. ಕುತ್ತಿಗೆ ಒಪ್ಪಲಿಲ್ಲ.

ಗೇರು ಬದಲಿಸಿದರೆ ಪರದೆಯಿಂದ ಅವಳು ಹೋಗುತ್ತಾಳೆ. ಬ್ರೇಕು ಬಿಟ್ಟರೆ ಕಾರು ಅವಳತ್ತ ಹೋಗುತ್ತದೆ. ಇಳಿಯಬಹುದಿತ್ತು. ಇಳಿದು ಯಾವ ಮಾತಿನಿಂದ ಶುರು ಮಾಡುವುದು ಎಂದು ಯೋಚಿಸುತ್ತ ಬ್ರೇಕು ಒತ್ತಿ ಹಿಡಿದು ಕುಳಿತ.

ಕಾರು ಅವಳನ್ನು ಗುರುತಿಸಿತು. ಅವಳ ಸುತ್ತ ಕೆಂಪು ಚೌಕ ಎಳೆದು, ಅಡ್ಡಿ ಇದೆ ಎಂದು ಪಿಂಯ್ ಪಿಂಯ್ ಎನ್ನತೊಡಗಿತು. ಸದ್ದು ಚುರುಕಾಗುತ್ತ ಹೋಯಿತು. ಅವಳು ಇನ್ನೂ ಹತ್ತಿರ ಬರುತ್ತಿದ್ದಳು.