ನೆನೆಯದ ಮರಗೆಣಸು

"ಅದನ್ನ ಮುಟ್ಬೇಡ. ಇನ್ನೂ ನೆಂದಿಲ್ಲ," ಎಂದಳು ಲುಸುಂಗು.

ಖುಂಬೊ ನಕ್ಕ. ಸರೋವರದ ದಂಡೆಗೆ ಎಳೆದು ಹಾಕಿದ್ದ ಹಳೇ ದೋಣಿಯ ತುಂಬ ನೀರು, ನೀರಿನಲ್ಲಿ ಸಿಪ್ಪೆ ಸುಲಿದ ಮರಗೆಣಸು. ಮಚ್ಚಿನ ತುದಿಯಿಂದ ಒಂದನ್ನು ಚುಚ್ಚಿ ಮೇಲೆತ್ತಿದ. ಅವನ ಹಿಂದೆ ಗುಡ್ಡದ ಹುಡುಗರು ಖಾಲಿ ಬುಟ್ಟಿ ಹಿಡಿದು ನಿಂತಿದ್ದರು.

"ಹೋದ ಸಲ ಹಿಟ್ಟಿಗೆ ಹುಳ ಬಿದ್ದಿದೆ ಅಂದೆ. ಅದಕ್ಕೂ ಮುಂಚೆ ಮೀನು ಕೊಳೆತಿದೆ ಅಂದೆ. ಈಗ ಗೆಣಸು ನೆಂದಿಲ್ಲ. ಈ ಕಪ್ಪೆ ಬಾಯಲ್ಲಿ ಒಂದು ಸಲನಾದ್ರೂ ನಿಜ ಬಂದಿದ್ಯೇನ್ರೋ?"

ಹುಡುಗರು ಕಪ್ಪೆಗಳ ಹಾಗೆ ವಟಗುಟ್ಟಿ ನಕ್ಕರು. ಹಿಂದಿನ ಎರಡೂ ಸಲ ಅವಳು ಹೇಳಿದ್ದು ಸುಳ್ಳೇ. ಆ ಸುಳ್ಳಿನಿಂದಲೇ ದಂಡೆಯ ಮಕ್ಕಳ ಹೊಟ್ಟೆ ತುಂಬಿತ್ತು.

ದೊಡ್ಡವರೆಲ್ಲ ಜ್ವರದಲ್ಲಿ ಸತ್ತು ಎರಡು ಮಳೆಗಾಲ ಕಳೆದಿತ್ತು. ಮೊದಲ ವರ್ಷ ಪೇಟೆಯ ಮಕ್ಕಳು ಅಂಗಡಿಗಳ ಡಬ್ಬಿ, ಪೊಟ್ಟಣ ಒಡೆದು ತಿಂದರು. ಅವು ಮುಗಿದ ಮೇಲೆ ಗುಡ್ಡ ಹತ್ತಿ ಖುಂಬೊನ ಮಚ್ಚಿನ ಹಿಂದೆ ಸೇರಿಕೊಂಡರು. ಅವರಿಗೆ ಪೊಟ್ಟಣದ ಹಿಟ್ಟು ಗೊತ್ತಿತ್ತು, ನೆಲದ ಗೆಣಸು ಗೊತ್ತಿರಲಿಲ್ಲ. ದಂಡೆಯಲ್ಲಿ ಬೆಳೆಯುವುದು ಕಹಿ ಗೆಣಸು. ನೀರಿನಲ್ಲಿ ಹುಳಿ ಬಂದು ಮೆತ್ತಗಾಗುವವರೆಗೆ ಬಿಟ್ಟು, ಒಣಗಿಸಿ, ಕುಟ್ಟಿ ಹಿಟ್ಟು ಮಾಡಬೇಕು. ಅದಕ್ಕೆ ಮೊದಲು ಬೇಯಿಸಿ ತಿಂದರೂ ವಿಷವೇ. ನೆನೆದಿದೆಯೋ ಇಲ್ಲವೋ ಎಂದು ಲುಸುಂಗುವಿನ ಅಜ್ಜಿ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು. ದೋಣಿಯಲ್ಲಿದ್ದ ಈ ಗೆಣಸಿಗೆ ಬೆರಳು ಇನ್ನೂ ಇಳಿಯುತ್ತಿರಲಿಲ್ಲ.

"ಊಟ ಕೊಡೋ ಮನೆಯವರೇ ಮೊದಲ ತುತ್ತು ತಿಂದು ತೋರಿಸ್ಬೇಕು. ಅದು ತಾನೆ ನಿಮ್ಮ ದಂಡೆಯವರ ಪದ್ಧತಿ?" ಖುಂಬೊ ಮಚ್ಚನ್ನು ಅವಳ ಮೂಗಿನ ಹತ್ತಿರ ತಂದ. "ತಿನ್ನು. ತಿನ್ನಲ್ಲ ಅಂದ್ರೆ ಒಳ್ಳೇದು ಎಲ್ಲಿಟ್ಟಿದೀಯ ತೋರ್ಸು."

ಒಳ್ಳೆಯದಿತ್ತು. ಮಳೆಗಾಲಕ್ಕೆಂದು ಕುಟ್ಟಿಟ್ಟ ಹಿಟ್ಟನ್ನು ಡ್ರಮ್ಮಿಗೆ ತುಂಬಿ ಹೂತಿದ್ದರು. ದೋಣಿಯ ಆಚೆ ಕುಕ್ಕುರುಗಾಲಿನಲ್ಲಿ ಕೂತಿದ್ದ ದಂಡೆಯ ಪುಟ್ಟ ಮಕ್ಕಳು ಅವಳನ್ನೇ ನೋಡುತ್ತಿದ್ದರು. ಲುಸುಂಗು ಮಚ್ಚಿನ ತುದಿಯಿಂದ ಗೆಣಸನ್ನು ಕಿತ್ತು ಕಚ್ಚಿದಳು. ಕಹಿ ಕಿವಿಯವರೆಗೂ ಹತ್ತಿತು. ಮುಖ ಕಿವುಚದೆ ಅಗಿದು ನುಂಗಿದಳು.

"ಹೇಗಿದೆ?"

"ಸಿಹಿ."

ಬುಟ್ಟಿಗಳು ತುಂಬಿದವು. ಗುಡ್ಡದವರು ಹಾಡುತ್ತಾ ಹೋದರು.

ಅವರು ಮರೆಯಾಗುತ್ತಲೇ ಲುಸುಂಗು ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿದಳು. ಟೆಮ್ವಾ ಅವಳ ಬೆನ್ನು ಸವರಿದಳು. ಲುಸುಂಗುವಿಗಿಂತ ವರ್ಷ ಚಿಕ್ಕವಳಾದರೂ ಅವಳ ಮಾತು ಯಾವಾಗಲೂ ಖಾರ. "ಅಂತೂ ಪೀಡೆ ತೊಲಗ್ತು ಅಕ್ಕಾ. ನಾಳೆಯಿಂದ ಆ ಗುಡ್ಡದಲ್ಲಿ ಹದ್ದಿಗೆ ಹಬ್ಬ."

"ಅವರಲ್ಲಿ ಚಿಕ್ಕೋರೂ ಇದಾರೆ."

"ಅವರು ನಮ್ಮ ಗುಡಿಸಲಿಗೆ ಬೆಂಕಿ ಇಟ್ಟಾಗ ಒಳಗಡೆ ಚಿಕ್ಕೋರು ಇರ್ಲಿಲ್ವಾ?"

ಗೆಣಸು ನುಂಗುವಾಗ ಲುಸುಂಗು ನೆನಪಿಸಿಕೊಂಡದ್ದೂ ಆ ಬೆಂಕಿಯನ್ನೇ. ಬಲೆ ಹೊಲಿಯಲು ಕೂತಳು. ಬಲೆಯ ಒಂದೇ ಕಣ್ಣಿಗೆ ಮೂರು ಸಲ ದಾರ ಹಾಕಿ ಬಿಚ್ಚಿದಳು. ಮಧ್ಯಾಹ್ನ ಗುಡ್ಡದ ನೆತ್ತಿಯಲ್ಲಿ ಹೊಗೆ ಎದ್ದಾಗ ಬಲೆಯನ್ನು ಎಸೆದು ಓಡಿದಳು.

"ಅಲ್ಲಿಗೆ ಹೋದ್ರೆ ವಾಪಸ್ ಬರ್ಬೇಡ ಕಣೇ!" ಟೆಮ್ವಾಳ ಕೂಗು ಹಿಂದಿನಿಂದ ಬಂತು. ಅಕ್ಕಾ ಎನ್ನಲಿಲ್ಲ.

ಗುಡ್ಡದ ದಾರಿಯ ತಿರುವಿನಲ್ಲೇ ಮೇಲಿನಿಂದ ಮೊದಲ ಕಲ್ಲು ಬಿತ್ತು. ಎರಡನೆಯದು ಹುಬ್ಬಿಗೆ ತಾಗಿ ರಕ್ತ ಕಣ್ಣಿಗಿಳಿಯಿತು. "ಬಂದ್ಲು ನೋಡ್ರೋ, ಗೆಣಸು ವಾಪಸ್ ಕೇಳೋಕೆ!" ಎಂದು ಯಾರೋ ಕೂಗಿದರು. ಅವಳು ಮುಖ ಒರೆಸಿಕೊಳ್ಳದೆ ಹತ್ತಿದಳು.

ಮಡಕೆ ಒಲೆಯಿಂದ ಇಳಿದಿತ್ತು. ಚಿಕ್ಕ ಮಕ್ಕಳು ಸುತ್ತ ಕೂತಿದ್ದರು. ಒಬ್ಬಳು ಸೋರೆಬುರುಡೆಯಿಂದ ಸಾಲಾಗಿ ಎಲ್ಲರ ಕೈಗೂ ನೀರು ಹಾಕುತ್ತಿದ್ದಳು.

"ತಿನ್ಬೇಡಿ. ವಿಷ ಅದು."

"ಬೆಳಿಗ್ಗೆ ಸಿಹಿ ಅಂದೆ," ಎಂದ ಖುಂಬೊ.

"ಬೆಳಿಗ್ಗೆ ನೀವು ಸಾಯ್ಲಿ ಅಂತ ಹಾಗಂದೆ."

ಖುಂಬೊ ಎದ್ದು ಬಂದು ಅವಳ ಕೂದಲು ಹಿಡಿದ. "ಈಗ ಉಪವಾಸ ಬಿದ್ದು ಸಾಯ್ಲಿ ಅಂತೀಯ. ಅಷ್ಟೇ ತಾನೆ? ನಿನ್ನ ಯಾವ ಮಾತು ನಂಬ್ಲಿ?" ಅವಳನ್ನು ಬಿಡದೆಯೇ ಬಗ್ಗಿ ಮಡಕೆಯಿಂದ ಒಂದು ಹೋಳು ತೆಗೆದು ಊದತೊಡಗಿದ.

ದೋಣಿಯ ಆಚೆ ಕೂತಿದ್ದ ದಂಡೆಯ ಪುಟ್ಟ ಮಕ್ಕಳ ಮುಖ ಒಂದೊಂದಾಗಿ ಲುಸುಂಗುವಿನ ಕಣ್ಣ ಮುಂದೆ ಬಂತು.

"ಹಿಟ್ಟಿದೆ," ಎಂದಳು. "ದಂಡೆಯ ಚರ್ಚ್ ಗಂಟೆ ಕೆಳಗೆ, ಡ್ರಮ್ಮಲ್ಲಿ ಹೂತಿದೀವಿ."

"ಸುಳ್ಳು."

"ಮೇಲೆ ದೋಣಿ ಹಲಗೆ ಮುಚ್ಚಿದೀವಿ. ಹೋಗಿ ಅಗೆದು ನೋಡು. ಬೇರೆ ಏನೂ ಉಳಿದಿಲ್ಲ ನಮ್ಮ ಹತ್ರ."

ಖುಂಬೊ ಅವಳ ಮುಖವನ್ನು ತನ್ನ ಕಡೆ ತಿರುಗಿಸಿ ನೋಡಿದ. ಆಮೇಲೆ ಕೂದಲು ಬಿಟ್ಟ, ಹೋಳನ್ನು ಎಸೆದ, ಕಾಲಿನಿಂದ ಮಡಕೆಯನ್ನು ಉರುಳಿಸಿದ. ದೊಡ್ಡ ಹುಡುಗರು ಬುಟ್ಟಿ, ಗುದ್ದಲಿ ಎಳೆದುಕೊಂಡು ಅವಳನ್ನು ಸವರಿಕೊಂಡೇ ದಂಡೆಯ ಕಡೆ ಓಡಿದರು. ಯಾರೂ ತಿರುಗಿ ನೋಡಲಿಲ್ಲ.

ಕೆಂಪು ನೆಲದ ಮೇಲೆ ಬಿಳಿ ಹೋಳುಗಳು ಹಬೆಯಾಡುತ್ತಿದ್ದವು. ತುದಿಯಲ್ಲಿ ಕೂತಿದ್ದ ಪುಟ್ಟ ಹುಡುಗಿಯೊಬ್ಬಳು, ತೊಳೆದ ಕೈ ಮತ್ತೆ ಮಣ್ಣಾಗದಿರಲೆಂದು, ಎರಡೂ ಒದ್ದೆ ಅಂಗೈಗಳನ್ನು ಮೇಲಕ್ಕೆ ಹಿಡಿದುಕೊಂಡು ಕಾಯುತ್ತಿದ್ದಳು.